ಹಗ್ಗ ಮೂಲ ಭಾಗವಲ್ಲ

ಎರಡೂ ಒಂದೇ ಶೆಡ್ಡಿನಲ್ಲಿ ನಿಲ್ಲುತ್ತವೆ,
ಹಾಸನದ ಮಂಡಿ ಹಿಂದಿನ ಓಣಿಯಲ್ಲಿ,
ಒಂದರ ಮೂಗು ಇನ್ನೊಂದರ ಸೊಂಟಕ್ಕೆ ತಾಗಿ.
ಅಪ್ಪನ ಐವತ್ತೆಂಟರ ಫಿಯಟ್, ಹಾಲು ಹೆಚ್ಚಾದ ಕಾಫಿಯ ಬಣ್ಣ.
ನನ್ನದು ಬಿಳಿ, ಏಳು ಸೀಟು,
ಕಂತು ಇನ್ನೂ ಮೂವತ್ತೊಂದು ಬಾಕಿ.

ಹೊಸದಕ್ಕೆ ಮಾತು ಜಾಸ್ತಿ.
ಬಾಗಿಲು ಸರಿಯಾಗಿ ಹಾಕಿಲ್ಲ ಅನ್ನುತ್ತದೆ,
ಹಿಂದೆ ಗೋಡೆ ಇದೆ ಅನ್ನುತ್ತದೆ,
ಎಡಗಡೆ ಟೈರಿನಲ್ಲಿ ಗಾಳಿ ಕಮ್ಮಿ ಅನ್ನುತ್ತದೆ,
ಸೀಮಂತಕ್ಕೆ ಬಂದು ಉಳಿದೇಬಿಟ್ಟ ಸೋದರತ್ತೆಯ ಹಾಗೆ.

ಫಿಯಟ್ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ.
ಕುದಿದರೆ ವಾಸನೆ, ಹಸಿದರೆ ಕೆಮ್ಮು.
ಪೆಟ್ರೋಲ್ ಮುಳ್ಳು ಎಂದೋ ಸತ್ತಿತ್ತು;
ಅಪ್ಪ ಟ್ಯಾಂಕಿಗೆ ಬಿದಿರು ಕಡ್ಡಿ ಇಳಿಸಿ
ನೆನೆದ ಗುರುತನ್ನು ಬಿಸಿಲಿಗೆ ಹಿಡಿದು
"ದುದ್ದಕ್ಕೆ ಹೋಗಿ ಬರಬಹುದು" ಅನ್ನುತ್ತಿದ್ದರು,
ಜಾತಕ ನೋಡಿದವರಂತೆ.

ಬಿತ್ತನೆ ಆಲೂಗಡ್ಡೆಯ ದಲ್ಲಾಳಿ ಗುರುಮಲ್ಲಪ್ಪ.
ಜಲಂಧರದ ಲಾರಿ ಬಂದ ದಿನ ಹಿಂದಿನ ಸೀಟೇ ಗೋದಾಮು.
ಮುಂದೆ ನಾವು ಮೂವರು. ಬೆಂಚಿನಂಥ ಸೀಟು,
ಸ್ಟಿಯರಿಂಗಿನ ಕುತ್ತಿಗೆಯಲ್ಲೇ ಗೇರು,
ನಡುವೆ ನಾನು,
ಬಾಗಿಲ ಬದಿ ತಮ್ಮ ಪಂಚಾಕ್ಷರಿ.
ಬಾಗಿಲೋ ಹಿಂದುಮುಂದು:
ಕೀಲು ಹಿಂದಕ್ಕೆ, ಬಾಯಿ ಗಾಳಿಗೆ.
ಆಗ ಅದೇ ಶೋಕಿ. ಸೀರೆ ಉಟ್ಟವರು ಇಳಿಯಲು ಸಲೀಸು.

ಹಗರೆ ದಾಟಿದ ಮೇಲಿನ ತಿರುವು.
ಅಪ್ಪ ಎಮ್ಮೆಗೆ ಹಾರ್ನ್ ಹೊಡೆದದ್ದು ನೆನಪಿದೆ.
ಆಮೇಲೆ, ಗಾಳಿಗೆ ಛತ್ರಿ ಮಗುಚಿದ ಹಾಗೆ, ಬಾಗಿಲು.
ನನ್ನ ಎಡಪಕ್ಕದ ಬಿಸಿ ಇಲ್ಲವಾಯಿತು.
ಅಷ್ಟೇ. ಕೂಗಲೂ ಇಲ್ಲ ಅವನು.
ನನ್ನ ಕೈಯಲ್ಲಿ ಅರ್ಧ ತಿಂದ ಕೊಬ್ಬರಿ ಮಿಠಾಯಿ,
ಹಿಡ್ಕೋ ಅಂತ ಕೊಟ್ಟಿದ್ದ.

ಬದುಕಿದ.
ಎಡಗೈ ಮಾತ್ರ ಇಂದಿಗೂ ಹೆಗಲ ಮೇಲೇಳದು.
ಅಂಗಿ ತೊಡುವಾಗ ಬಾಗಿಲು ಹಾಕಿಕೊಳ್ಳುತ್ತಾನೆ.

ಆ ಸಂಜೆ ಅಪ್ಪ ಯಾರ ಮುಖವನ್ನೂ ನೋಡದೆ
ಮೂಟೆ ಕಟ್ಟುವ ಹುರಿಹಗ್ಗ ತಂದು
ಬಾಗಿಲ ಹಿಡಿಯಿಂದ ಸೀಟಿನ ಕಾಲಿಗೆ ಬಿಗಿದರು.
ಗಂಟಿನ ಮೇಲೆ ಗಂಟು.
ಮುಂದೆ ಹದಿನೇಳು ವರ್ಷ, ಗಾಡಿ ನಿಲ್ಲುವ ತನಕ,
ಆ ಕಡೆಯಿಂದ ಯಾರೂ ಇಳಿಯಲಿಲ್ಲ.
ಅಮ್ಮ ಕೂಡ ಸೀರೆ ಒಟ್ಟುಮಾಡಿಕೊಂಡು
ಸ್ಟಿಯರಿಂಗ್ ಕೆಳಗೆ ನುಸುಳಿ ಬರುತ್ತಿದ್ದಳು,
ಮದುವೆಮನೆಯ ಎದುರೂ.

ಈಗ ಅದನ್ನು ಉಜ್ಜುವವನು ಅದೇ ಪಂಚಾಕ್ಷರಿ,
ಭಾನುವಾರ ಭಾನುವಾರ, ಒಂದು ಕೈಯಲ್ಲಿ.
ಯಾಕೋ, ಅಂತ ನಾನು ಕೇಳಿಲ್ಲ.

ಹೋದ ತಿಂಗಳು ಸ್ಟೇಡಿಯಮ್ಮಿನಲ್ಲಿ ಹಳೆ ಕಾರುಗಳ ಪ್ರದರ್ಶನ.
ಜನ ಬಾನೆಟ್ ಸವರಿದರು,
ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದರು,
"ಆಗಿನ ಕಬ್ಬಿಣವೇ ಕಬ್ಬಿಣ ಬಿಡಿ,
ಈಗಿನವು ಬಿಸ್ಕತ್ತಿನ ಡಬ್ಬ" ಅಂದರು.
ಪಂಚಿ ನಕ್ಕ. ಕಬ್ಬಿಣದ ವಿಷಯ ಅವನಿಗೆ ಗೊತ್ತು.

ತೀರ್ಪುಗಾರ ಬಿಳಿ ಗವಸಿನವನು
ಒಳಗೆ ಬಗ್ಗಿ, ಹಗ್ಗ ಎಳೆದು ನೋಡಿ,
ಇದು ಮೂಲ ಭಾಗವಲ್ಲ,
ಬಿಚ್ಚಿಬಿಟ್ಟರೆ ಎಂಟು ಅಂಕ ಹೆಚ್ಚು ಸಿಗುತ್ತೆ, ಅಂದ.
"ಅಂಕಕ್ಕೆ ಕಟ್ಟಿದ್ದಲ್ಲ ಸ್ವಾಮಿ" ಅಂದ ನನ್ನ ತಮ್ಮ.
ನಾಲ್ಕನೇ ಸ್ಥಾನ, ಒಂದು ಸ್ಟೀಲ್ ಜಗ್ಗು.

ಮೊನ್ನೆ ಬೇಲೂರಿನಿಂದ ನನ್ನ ಗಾಡಿಯಲ್ಲಿ ಬರುತ್ತಿದ್ದೆ.
ಹಿಂದೆ ಮೊಮ್ಮಗಳು ಧಾತ್ರಿ, ತನ್ನ ಪುಟ್ಟ ಸೀಟಿನಲ್ಲಿ ಬಂದಿ,
ಪಕ್ಕದಲ್ಲಿ ಅರ್ಧ ಮೂಟೆ ಆಲೂಗಡ್ಡೆ.
ಶುರುವಾಯಿತು ಟಿಣ್ ಟಿಣ್.
ಯಾರೋ ಕೂತಿದ್ದಾರೆ, ಬೆಲ್ಟ್ ಹಾಕಿಲ್ಲ
ಅಂತ ಅದರ ಲೆಕ್ಕ.
"ಮೂದೇವಿ, ಅದು ಆಲೂಗಡ್ಡೆ" ಅಂದೆ.
ಧಾತ್ರಿ ನಕ್ಕಿದ್ದೇ ನಕ್ಕಿದ್ದು.
ಟಿಣ್ ಟಿಣ್.
ಹಗರೆ ಹತ್ತಿರವಾಗುತ್ತಿತ್ತು.

ಬದಿಗೆ ನಿಲ್ಲಿಸಿ, ಬೆಲ್ಟ್ ಎಳೆದು
ಮೂಟೆಯ ಹೊಟ್ಟೆಗೆ ಬಿಗಿದೆ. ಕಟಕ್.
ಸುಮ್ಮನಾಯಿತು.

ಗೇರು ಬದಲಿಸುವಾಗ ಬಿಟ್ಟರೆ
ಹಾಸನದ ತನಕ ನನ್ನ ಎಡಗೈ
ಆ ಗೋಣಿಯ ಮೇಲೇ ಇತ್ತು.